ಅಂಗೈಯಿಟ್ಟು ಆಯುಸ್ಸು ಹೇಳುತ್ತಿದ್ದವರು

ಕುದಿಯುವ ನೀರಿಗೆ ಸೋಡಾಪುಡಿ ಹಾಕಿ, ಅದರಲ್ಲಿ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನಿನ ಜಿಡ್ಡಿನ ಜಾಲರಿಯನ್ನು ಮುಳುಗಿಸಿದಾಗ ಏಳುವ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಒಂದು ತಿಂಗಳ ಒಗ್ಗರಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು, ಹಪ್ಪಳ ಕರಿದ ಎಣ್ಣೆ, ಎಲ್ಲವೂ ಒಟ್ಟಿಗೇ ಮೂಗಿಗೆ ಹೊಡೆಯುತ್ತವೆ. ನಮ್ಮ ಮನೆಯವರು ಆ ಹೊತ್ತಿಗೆ ಸರಿಯಾಗಿ ಪೇಪರ್ ಹಿಡಿದು ಗೇಟಿನಾಚೆ ಹೋಗಿ ನಿಲ್ಲುತ್ತಾರೆ. ನನಗೆ ಮಾತ್ರ ಕಳೆದ ಭಾನುವಾರ ಆ ವಾಸನೆಯ ಜೊತೆಗೇ ಮೇಸ್ತ್ರಿಯವರ ನೆನಪು ಬಂತು. ಜಾಲರಿಯನ್ನು ಹೀಗೆ ತೊಳೆಯಬೇಕೆಂದು ಕಲಿಸಿದವರು ಅವರೇ.

ದೊಡ್ಡಬಳ್ಳಾಪುರದ ಈ ಮನೆಯನ್ನು ನಾವು ಕೊಂಡಾಗ ಅಡುಗೆಮನೆಯಲ್ಲಿ ಒಂದು ವಿಚಿತ್ರ ವಸ್ತು ಇತ್ತು. ಗ್ಯಾಸ್ ಒಲೆಯ ಮೇಲೆ, ಚಿಮಣಿ ಇರಬೇಕಾದ ಜಾಗದಲ್ಲಿ, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಮೈಕ್ರೋವೇವ್. ಹಿಂದಿನ ಮಾಲೀಕರು ಹೊರದೇಶದಲ್ಲಿದ್ದು ಬಂದವರು, ಅಲ್ಲಿನ ರೂಢಿಯಂತೆ ಹಾಕಿಸಿದ್ದರಂತೆ. ಕೆಳಗಿನ ಒಲೆಯ ಹೊಗೆಯನ್ನು ಎಳೆದುಕೊಳ್ಳುವುದೂ ಅದೇ, ಮೇಲೆ ಅನ್ನ ಬಿಸಿ ಮಾಡುವುದೂ ಅದೇ. ನಮ್ಮತ್ತೆ ಅದಕ್ಕೆ ಮೇಲೊಲೆ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಮೊದಲ ವರ್ಷವೇ ಅದರೊಳಗೆ ಚಟಪಟ ಕಿಡಿ ಹಾರಿತು. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, ಈ ಮಾಡೆಲ್‌ಗೆ ಪಾರ್ಟ್ಸ್ ಸಿಗೋದಿಲ್ಲ, ತೆಗೆದು ಹಾಕಿ, ಹೊಸದು ಕೊಳ್ಳಿ ಎಂದರು. ನೋಡದೆಯೇ ಹಾಗೆ ಹೇಳಿದ್ದು ನನ್ನ ಮೈ ಉರಿಸಿತು. ಆಗ ಹಾಲಿನವರು ಮಗ್ಗದ ಓಣಿಯಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ, ಮಿಕ್ಸಿಯಿಂದ ಹಿಡಿದು ಎಲ್ಲ ರಿಪೇರಿ ಮಾಡುತ್ತಾರೆ ಎಂದರು. ನಾನು ಹುಡುಕಿಕೊಂಡು ಹೋದೆ.

ಅವರು ಅರ್ಧ ಆಯುಷ್ಯ ಪವರ್‌ಲೂಮ್‌ಗಳ ಮೆಕ್ಯಾನಿಕ್ ಆಗಿದ್ದವರು. ಮಗ್ಗಗಳ ಖಟಖಟ ಸದ್ದಿನಲ್ಲೇ ಕಿವಿ ಕಳೆದುಕೊಂಡಿದ್ದರು. ಮಗ್ಗದ ಕೆಲಸ ಕಡಿಮೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ ಇಟ್ಟಿದ್ದರು. ಗಿರಾಕಿಗಳು ಅವರ ಮುಂದೆ ಕೈ ಬಾಯಿ ಆಡಿಸಿ ಸುಸ್ತಾಗುತ್ತಿದ್ದರು. ನಾನು ಹೈಸ್ಕೂಲಿನ ಪಿ.ಟಿ. ಟೀಚರು. ಮೈದಾನದ ಆ ತುದಿಯಲ್ಲಿ ಕಳ್ಳಾಟ ಆಡುವವರು ಈ ತುದಿಯಿಂದ ನನ್ನ ಒಂದು ಕೂಗಿಗೆ ನೆಟ್ಟಗಾಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡು ಎಂದು ಗದರುತ್ತಿದ್ದ ಆ ಗಂಟಲಿಗೆ ಕೊನೆಗೂ ಒಬ್ಬ ಅಭಿಮಾನಿ ಸಿಕ್ಕರು.

"ನಿಮ್ ಮಾತೊಂದೇ ನೋಡಿ ಟೀಚರಮ್ಮ, ನಂಗೆ ಪೂರ್ತಿ ಕೇಳ್ಸೋದು" ಎಂದು ನಕ್ಕಿದ್ದರು.

ಅವರು ಬಂದು ಮಾಡಿದ ಮೊದಲ ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಲೋಟ ನೀರು ಒಳಗಿಟ್ಟು ಚಾಲೂ ಮಾಡಿ ಎಂದರು. ಸ್ಟೂಲ್ ಹತ್ತಿ, ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟು, ಕಣ್ಣು ಮುಚ್ಚಿದರು. ಜ್ವರ ನೋಡುವವರು ಹಣೆ ಮುಟ್ಟಿದಂತೆ ಇತ್ತು. ಸ್ವಲ್ಪ ಹೊತ್ತಾದ ಮೇಲೆ "ಓಟ ಚೆನ್ನಾಗೈತೆ. ಇದಕ್ಕೆ ವಯಸ್ಸಾಗಿಲ್ಲ ಕಣಮ್ಮ, ಜಿಡ್ಡಾಗೈತೆ ಅಷ್ಟೇ" ಎಂದರು. ಒಳಗೋಡೆಗೆ ಒಂದು ಅಭ್ರಕದ ಹಾಳೆ ಇರುತ್ತದೆ, ಅದರ ಮೇಲೆ ಸಾರು ಸಿಡಿದು ಸುಟ್ಟು ಕಪ್ಪಾಗಿತ್ತು. ಹೊಸ ಹಾಳೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ ಕೂರಿಸಿದರು. ಕಿಡಿ ನಿಂತಿತು.

ಅವರ ಲೆಕ್ಕದಲ್ಲಿ ಯಂತ್ರಗಳಿಗೆ ಇದ್ದದ್ದು ಎರಡೇ ಸ್ಥಿತಿ, ಓಟ ಮತ್ತು ನಡುಕ. ಮಗ್ಗದವರ ಮಾತು ಅದು. ಸದ್ದು ಎಷ್ಟಾದರೂ ಇರಲಿ, ಅಂಗೈಗೆ ಒಂದೇ ಸಮನೆ ಹರಿಯುವಂತೆ ಸಿಕ್ಕರೆ ಓಟ, ಇನ್ನೂ ಬಾಳುತ್ತದೆ. ತಡೆತಡೆದು, ಒದ್ದಾಡಿದಂತೆ ಸಿಕ್ಕರೆ ನಡುಕ, ಅದಕ್ಕೆ ಹಣ ಸುರಿಯಬೇಡಿ. ಮೇಲೊಲೆಗೆ ಮಾತ್ರ ಇನ್ನೊಂದು ಕಟ್ಟಳೆ ಇತ್ತು. ಫ್ಯಾನ್ ಹೋದರೆ ಹಾಕೋಣ, ಒಳಗಿನ ತಟ್ಟೆ ಒಡೆದರೆ ತರೋಣ, ಬಾಗಿಲು ಸರಿಯಾಗಿ ಕೂರದಿದ್ದರೆ ಆ ದಿನವೇ ಇಳಿಸಿಬಿಡಿ ಎನ್ನುತ್ತಿದ್ದರು. ಖಾಲಿ ಓಡಿಸಬೇಡಿ, ವಾರಕ್ಕೊಮ್ಮೆ ನಿಂಬೆಹೋಳು ಹಾಕಿದ ನೀರು ಬಿಸಿ ಮಾಡಿ ಆ ಹಬೆಯಲ್ಲೇ ಒಳಗೆ ಒರೆಸಿ, ಕೆಳಗಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ ಎಂದು ಹೇಳಿಕೊಟ್ಟರು. ನಾನು ಮಕ್ಕಳಿಗೆ ಡ್ರಿಲ್ ಕಲಿಸಿದ ಹಾಗೆ ಮನೆಯವರಿಗೆಲ್ಲ ಕಲಿಸಿದೆ.

ಒಂದು ಆಯುಧಪೂಜೆಯ ಮರುದಿನ ಫ್ಯಾನು ಕರಕರ ಎನ್ನತೊಡಗಿತು. ಮೇಸ್ತ್ರಿ ಬಂದು ಬಿಚ್ಚಿ ನೋಡಿದರೆ ಒಳಗೆಲ್ಲ ವಿಭೂತಿ. ಅತ್ತೆ ಭಕ್ತಿಯಿಂದ ಗಾಳಿ ಆಡುವ ಕಿಂಡಿಗಳ ಮೇಲೇ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ನಾನು ಅತ್ತೆಗೆ ಏನೋ ಅನ್ನಲು ಬಾಯಿ ತೆರೆದೆ. ಮೇಸ್ತ್ರಿ ನನ್ನನ್ನು ತಡೆದು, "ಬಾಗಿಲಿಗೆ ಇಡಿ ಅಜ್ಜಮ್ಮ, ಚೆಂದಾಗಿ ಕಾಣ್ತದೆ. ಇದು ಉಸಿರಾಡೋ ಜಾಗ" ಎಂದರು. ಮುಂದಿನ ವರ್ಷದಿಂದ ಅತ್ತೆ ಬಾಗಿಲಿಗೇ ಇಟ್ಟರು. ನಾನು ಹೇಳಿದ್ದರೆ ಹಟಕ್ಕೆ ಬಿದ್ದು ಮತ್ತೆ ಅಲ್ಲೇ ಬಳಿಯುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಕಾಫಿ ಕೊಡುವಾಗಲೆಲ್ಲ "ಸಕ್ಕರೆ ಬೇಡಮ್ಮ, ಒಳಗೇ ಫ್ಯಾಕ್ಟ್ರಿ ಐತೆ" ಎಂದು ತಮಾಷೆ ಮಾಡುತ್ತಿದ್ದರು. ಒಂದು ಸಲ ಅವರ ತೋರುಬೆರಳಿನ ತುದಿಯಲ್ಲಿ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಪ್ಪು ಗಾಯ ಕಂಡು, ಇದೇನು ಎಂದು ಕೇಳಿದೆ. ಬೆರಳನ್ನು ತಿರುಗಿಸಿ ನೋಡಿಕೊಂಡು, "ಯಾವಾಗಾಯ್ತೋ..." ಎಂದರು. ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೀಗೆ ಐದಾರು ವರ್ಷ ಕಳೆದಿರಬೇಕು. ಒಂದು ದಿನ ಮೇಲೊಲೆಯ ಅಂಕಿ ತೋರಿಸುವ ಪಟ್ಟಿ ಆರಿಹೋಯಿತು. ಯಾವ ಗುಂಡಿ ಒತ್ತಿದರೂ ಬೆಳಕಿಲ್ಲ. ಮೇಸ್ತ್ರಿಗೆ ಹೇಳಿ ಕಳಿಸಿದೆ. ಅವರು ಬಂದಾಗ ನಾನು ಮುದ್ದೆಗೆ ಎಸರಿಟ್ಟಿದ್ದೆ, ಪಕ್ಕದ ಒಲೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಅವರು ಬಿಚ್ಚುವ ಮುಂಚೆ ಮೇಲಿನ ಕಪಾಟಿನೊಳಗಿದ್ದ ಪ್ಲಗ್ ಕೀಳುವುದು ಪ್ರತಿಸಲವೂ ನನ್ನ ಕೆಲಸ. ಅವತ್ತು ಮರೆತೆ. ಒಲೆ ಆರಿಸಿ ಪಾತ್ರೆಗಳನ್ನು ಪಕ್ಕಕ್ಕಿಟ್ಟು ಜಾಗ ಬಿಟ್ಟೆ, ಅಷ್ಟೇ.

ಈ ಯಂತ್ರಕ್ಕೆ ಒಂದು ಗುಣವಿದೆ. ಕೆಳಗೆ ಒಲೆಯ ಕಾವು ಜಾಸ್ತಿಯಾದರೆ, ಯಾರೂ ಗುಂಡಿ ಒತ್ತದಿದ್ದರೂ ಫ್ಯಾನು ತಾನಾಗಿ ತಿರುಗತೊಡಗುತ್ತದೆ, ಒಲೆ ಆರಿಸಿದರೂ ಕಾವು ಇಳಿಯುವ ತನಕ ನಿಲ್ಲುವುದಿಲ್ಲ. ಅವತ್ತೂ ತಿರುಗುತ್ತಿತ್ತು. ನನ್ನ ಕಿವಿಗೆ ಅದರ ಗುಂಯ್ ಸದ್ದು ಚೆನ್ನಾಗಿ ಕೇಳುತ್ತಿತ್ತು.

ಮೇಸ್ತ್ರಿ ಸ್ಟೂಲ್ ಹತ್ತಿದರು. ಎಂದಿನಂತೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ನಿಂತೈತೆ. ಪ್ಲಗ್ ತೆಗ್ದಿದ್ದೀರಲ್ಲ, ಒಳ್ಳೇದು" ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರು. ನಾನು ಏನು ಕೇಳುತ್ತಿದ್ದೇನೆ ಎಂದು ನನಗೇ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಮುಂದಿನ ಫಲಕದ ಒಂದು ಸ್ಕ್ರೂ ಸಡಿಲವಾಗಿತ್ತು. ಆ ಫಲಕದ ಹಿಂದೆ ಆನೆಯನ್ನೂ ಕೆಡವುವ ಕರೆಂಟ್ ಇದೆ ಎಂದು ನನಗೆ ಹೇಳಿದವರು ಅವರೇ. ನಾನು ಅವರ ಮೊಣಕೈ ಹಿಡಿದು ಹಿಂದಕ್ಕೆಳೆದೆ. ಕಪಾಟಿನ ಬಾಗಿಲು ತೆಗೆದು ಪ್ಲಗ್ ಕಿತ್ತೆ. ಫ್ಯಾನು ನಿಂತಿತು.

"ಯಾಕಮ್ಮ, ಏನಾಯ್ತು?" ಎಂದರು.

ಏನೂ ಇಲ್ಲ, ಸುಮ್ಮನೆ ಎಂದು ಹೇಳಿಬಿಡಬಹುದಿತ್ತು. ಪ್ಲಗ್ ತೆಗೆಯಲು ಮರೆತೆ, ನಂದೇ ತಪ್ಪು ಎಂದು ನಕ್ಕು ಮುಗಿಸಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ನಾಳೆ ಅವರು ಇನ್ನೊಂದು ಮನೆಗೆ ಹೋಗುತ್ತಾರೆ, ಅಲ್ಲಿ ಇನ್ನೊಂದು ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಾರೆ. ಹೇಳಲೇಬೇಕಿತ್ತು. ಕಷ್ಟ ಏನೆಂದರೆ, ಇಂಥ ಮಾತನ್ನು ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಹೇಳುವ ಭಾಗ್ಯ ನನಗಿರಲಿಲ್ಲ. ಮೈದಾನದ ಗಂಟಲಿನಲ್ಲೇ ಕೂಗಬೇಕಾಯಿತು.

"ಫ್ಯಾನ್ ತಿರುಗ್ತಾ ಇತ್ತು ಮೇಸ್ತ್ರಿ! ನಿಮ್ ಕೈಗೆ ಗೊತ್ತಾಗ್ಲಿಲ್ಲ!"

ನಡುಮನೆಯಲ್ಲಿದ್ದ ಅತ್ತೆಯ ಟಿವಿ ನಿಂತಿತು. ಬೀದಿಗೂ ಕೇಳಿಸಿರಬೇಕು. ಮೇಸ್ತ್ರಿ ಸ್ಟೂಲಿನಿಂದ ಇಳಿದು, ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡರು. ಮತ್ತೆ ಉಜ್ಜಿಕೊಂಡರು.

"ಇನ್ನೊಂದ್ಸಲ ಹಾಕಿ ಪ್ಲಗ್ಗು" ಎಂದರು.

ಹಾಕಿದೆ. ಫ್ಯಾನು ಮತ್ತೆ ತಿರುಗಿತು. ಮತ್ತೆ ಸ್ಟೂಲ್ ಹತ್ತಿ ಬಲಗೈ ಇಟ್ಟರು, ಎಡಗೈ ಇಟ್ಟರು, ಮುಂಗೈ ಒತ್ತಿ ನೋಡಿದರು. ಕೊನೆಗೆ ಕೆನ್ನೆಯನ್ನೇ ಪೆಟ್ಟಿಗೆಗೆ ಆನಿಸಿದರು. ಕೆನ್ನೆಗೆ ಗೊತ್ತಾಯಿತೆಂದು ಕಾಣುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಇಡಿ ಕೈಯ. ಓಡ್ತೈತಾ, ನಡುಗ್ತೈತಾ?" ಎಂದು ಕೇಳಿದರು.

ನಾನು ಕೈಯಿಟ್ಟೆ. ಅಷ್ಟು ವರ್ಷ ನೋಡಿದ್ದೆನೇ ಹೊರತು ಒಂದು ದಿನವೂ ಮುಟ್ಟಿರಲಿಲ್ಲ. ಅಂಗೈಗೆ ಒಂದೇ ಸಮನೆ ಹರಿಯುತ್ತಿತ್ತು.

"ಓಡ್ತಿದೆ" ಎಂದು ಕೂಗಿದೆ.

"ಹಂಗಾದ್ರೆ ಬಾಳ್ತದೆ. ಇಳಿಸ್ಬೇಡಿ. ಬೋರ್ಡು ಒಂದು ಹೋಗೈತೆ, ಹೊಸಕೋಟೇಲಿ ನಮ್ ಕೈಯಾಗೆ ಕಲ್ತೋನು ಒಬ್ಬ ಅವ್ನೆ, ಬಂದು ಹಾಕ್ತಾನೆ." ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ನಾನು ಕಾಫಿ ಮಾಡುತ್ತೇನೆಂದರೂ ನಿಲ್ಲಲಿಲ್ಲ. ಗೇಟಿನ ತನಕ ಹೋಗಿ ಆಟೋ ಹತ್ತಿಸಿದೆ.

ಆಮೇಲೆ ಅವರ ಅಂಗಡಿ ತೆರೆಯಲಿಲ್ಲ. ಹೊಸಕೋಟೆಯವರು ಬಂದು ಬೋರ್ಡು ಹಾಕಿಹೋದರು. ಮೇಸ್ತ್ರಿಯವರ ಮನೆಗೆ ನಾನು ಎರಡು ಮೂರು ಸಲ ಹೋಗಿದ್ದೆ. ಪ್ರತಿಸಲವೂ ಮೇಲೊಲೆ ಹೇಗಿದೆ ಎಂದು ಕೇಳುತ್ತಿದ್ದರು, ನಾನು ಓಡುತ್ತಿದೆ ಎನ್ನುತ್ತಿದ್ದೆ, ಬೇರೆ ಮಾತಿಗೆ ಹೋಗುತ್ತಿದ್ದೆವು. ಆ ದಿನದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಆಮೇಲೆ ನನ್ನ ರಿಟೈರ್‌ಮೆಂಟು, ಅತ್ತೆಯ ಕಾಯಿಲೆ... ಹೋಗುವುದು ತಪ್ಪಿತು. ಅವರು ತೀರಿಕೊಂಡ ವಿಷಯ ನನಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ.

ಕಳೆದ ಭಾನುವಾರ ಜಾಲರಿ ತೊಳೆದಿಟ್ಟು, ಕೈ ಒರೆಸಿಕೊಂಡು, ನೆಟ್ಟಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, "ಅವತ್ತು ನಾನು ಹಾಗೆ ಹೇಳಬಾರದಿತ್ತೇನೋ ಅಮ್ಮಾ."

"ಅಯ್ಯೋ, ಸಕ್ಕರೆ ಕಾಯ್ಲೇಗೆ ಕೈ ಮರಗಟ್ಟಿದ್ದು ನಮ್ಮನೇಲಿ ಎಲ್ರಿಗೂ ಗೊತ್ತಿತ್ತು ಟೀಚರಮ್ಮ" ಎಂದರು ಅವರು. "ಬಿಸಿ ಪಾತ್ರೆ ಹಂಗೇ ಹಿಡ್ಕಂಡ್ಬಿಡೋರು. ನಮಗ್ಯಾರ್ಗೂ ಹೇಳಕ್ಕೆ ಬಾಯಿ ಬರ್ಲಿಲ್ಲ. ಅವತ್ತು ಮನೆಗೆ ಬಂದು, ಆ ಟೀಚರಮ್ಮ ನಂಗೆ ಸುಳ್ಳು ಹೇಳ್ಲಿಲ್ಲ ಕಣೆ ಅಂದ್ರು. ಅಷ್ಟಂದು ಗೋಡೆ ಕಡೆ ತಿರುಗಿ ಮಲಗ್ದೋರು, ಎಲ್ಡು ದಿನ ಏಳ್ಲಿಲ್ಲ. ಊಟಾನೂ ಮಾಡ್ಲಿಲ್ಲ."

ಆ ಎರಡು ದಿನದ ಸಂಗತಿ ನನಗೆ ಗೊತ್ತಿರಲಿಲ್ಲ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇವತ್ತು ಅದೇ ಸಂದರ್ಭ ಬಂದರೂ ಅಷ್ಟೇ ಜೋರಾಗಿ ಹೇಳುತ್ತೇನೆ. ಆದರೆ ಅವತ್ತು ನಾನು ಆಟೋ ಹೊರಟ ಕೂಡಲೇ ಒಳಗೆ ಬಂದು, ಒಲೆ ಹಚ್ಚಿ, ಎಸರಿಗೆ ಹಿಟ್ಟು ಹಾಕಿ ಮುದ್ದೆ ಕಟ್ಟಿದೆ. ಎಲ್ಲರಿಗೂ ಬಡಿಸಿ ನಾನೂ ಉಂಡೆ. ಆ ಆಟೋದಲ್ಲಿ ನಾನೂ ಹತ್ತಿ ಅವರ ಪಕ್ಕದಲ್ಲಿ ಕೂರಬಹುದಿತ್ತು, ಜಾಗ ಇತ್ತು.