ಜಟಕನ ಗುಡಿಯ ಮುಂದೆ ನಿಲ್ಲುತ್ತಿದ್ದ ಟೆಂಪೋ

ಆಗ ನನಗೆ ಅರವತ್ತು. ಈಗ್ಗೆ ಎಂಟು ವರ್ಷವಾಯಿತು. ತದಡಿಯಿಂದ ಕುಮಟೆ ಪೇಟೆಗೆ ಮೀನು ಮಾರುವ ನಮ್ಮ ಹೆಂಗಸರನ್ನೂ ಬುಟ್ಟಿಗಳನ್ನೂ ಒಯ್ಯುತ್ತಿದ್ದ ಟೆಂಪೋದ ಡ್ರೈವರು ಮುಸಲ್ಮಾನರು. ದಾರಿಯಲ್ಲಿ ನಮ್ಮನ್ನು ಕಾಯುವ ದೇವರು ಜಟಕನ ಗುಡಿ ಬಂದರೆ ಕೇಳದೆಯೇ ನಿಲ್ಲಿಸಿ, ನಾವು ಕೈಮುಗಿಯುವವರೆಗೆ ಕನ್ನಡಿ ಒರೆಸುತ್ತಿದ್ದರು. "ದೇವ್ರ ಹತ್ರ ಮಾತುಕತೆ ಆತೇನ್ರೇ?" ಎಂದು ದಿನವೂ ಕೇಳುತ್ತಿದ್ದರು.

ಒಂದು ದಿನ ನಮ್ಮ ಕೇರಿಯ ಹುಡುಗರು, ಅವರ ಟೆಂಪೋ ಹತ್ತಿದರೆ ಗಾಜು ಒಡೆಯುತ್ತೇವೆ ಎಂದರು. ಅದನ್ನು ಡ್ರೈವರಿಗೆ ಹೇಳಿದೆ. ನಕ್ಕರು.

"ಗುಡಿ ಹತ್ರ ನಿಲ್ಲಿಸಬೇಡ ಅಂತ ನಮ್ಮ ಹುಡುಗ್ರೂ ಹೇಳಿದ್ರು ಅಕ್ಕಾ. ಇವ್ರೆಲ್ಲ ಒಂದೇ ಶಾಲೇಲಿ ಕಲ್ತವ್ರಾ ಎಂತ?"

"ಮತ್ತೆ ಯಾಕೆ ನಿಲ್ಲಿಸ್ತ್ರಿ?"

"ನಿಲ್ಲಿಸದಿದ್ರೆ ನೀವು ಕುಮಟೆವರೆಗೂ ಬೈತ್ರಲ್ಲ!"

ಅಷ್ಟೇ ಕಾರಣವೋ, ಬೇರೆ ಇತ್ತೋ, ನನಗೆ ಇವತ್ತಿಗೂ ತಿಳಿಯದು.

ಮರುದಿನ ಬೆಳಿಗ್ಗೆ ಟೆಂಪೋಗೆ ಅಡ್ಡ ನಿಂತಿದ್ದ ನಮ್ಮ ಕೇರಿಯ ಹುಡುಗನ ಕೈಗೇ ನನ್ನ ಬುಟ್ಟಿ ಕೊಟ್ಟು, "ಮೇಲಿಡೋ" ಎಂದೆ. ಇಟ್ಟ.