ಅಕ್ಕೋರು ಹೇಳಿದ ಮಾತಿನ ಅರ್ಧ

ಸವಿತಾ ಅಕ್ಕೋರೇ, ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಿಂದ ನಿಮ್ಮನ್ನು ತೆಗೆಸಿದವಳು ನಾನು. ನಮ್ಮ ಯಜಮಾನರಲ್ಲ. ವಾಟ್ಸಪ್ ಗುಂಪಿನಲ್ಲಿ ಅವರ ನಂಬರಿನಿಂದ ಬಂದ ಆ ಮೆಸೇಜು ಬರೆದದ್ದು ನನ್ನ ಬೆರಳು. ಅದರಲ್ಲಿದ್ದ ಮಾತು ನಿಮ್ಮದೇ — ಆದರೆ ಅರ್ಧ. ಉಳಿದ ಅರ್ಧ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ.

ಮೂರು ವರ್ಷವಾಯಿತು. ಇದನ್ನು ಮೊದಲು ನಿಮಗೆ ಕಳಿಸುತ್ತೇನೆ, ಆಮೇಲೆ ಅದೇ ಗುಂಪಿಗೆ ಹಾಕುತ್ತೇನೆ. ನಿಮ್ಮನ್ನು ಕಾಣದ ಹೊಸಬರೂ ಅಲ್ಲಿದ್ದಾರೆ, ಅವರಿಗೂ ತಿಳಿಯಲೆಂದು ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೇ ಮತ್ತೆ ಓದಬೇಕಾಗುತ್ತದೆ, ತಡೆದುಕೊಳ್ಳಿ.

ಕಾಗವಾಡದಿಂದ ನಾಲ್ಕು ಹರದಾರಿಯೂ ಇಲ್ಲದ ನಮ್ಮೂರಿನಲ್ಲಿ ದ್ರಾಕ್ಷಿ ಬೆಳೆಯುವವರೆಲ್ಲ ಸೇರಿ ಒಂದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ ಕಟ್ಟಿದ್ದಾರೆ. ಅದರ ಮುಂದಿನ ಸಿಮೆಂಟಿನ ಅಂಗಳದಲ್ಲಿ ಎರಡು ಕಂಬ ನೆಟ್ಟು, ಬಳೆ ಹಾಕಿಸಿ, ಹೆಣ್ಣುಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸಲು ನಿಪ್ಪಾಣಿ ಕಡೆಯ ಸವಿತಾ ಅಕ್ಕೋರನ್ನು ಕರೆಸಿದರು. ಸಂಬಳ ಬೆಳೆಗಾರರದು. ಹೀಗಾಗಿ ತಂಡ ಸೋತರೆ ಮಾತಾಡುವ ಹಕ್ಕು ತಮಗಿದೆ ಎಂದು ಪ್ರತಿ ತೋಟದವನೂ ತಿಳಿದಿದ್ದ. ತಂಡವೋ, ಸೋಲುತ್ತಲೇ ಇತ್ತು.

ಶೆಡ್ಡಿನ ಬಾಗಿಲಲ್ಲಿ ಗೋಣಿತಟ್ಟು ಹಾಸಿಕೊಂಡು ಮಣೂಕದ ಕಡ್ಡಿ ಆರಿಸುವ ಹೆಂಗಸರು ನಾವು. ಕೈ ಮಣೂಕದಲ್ಲಿ, ಕಣ್ಣು ಆಟದಲ್ಲಿ. ನಮಗಿಂತ ದೊಡ್ಡ ಪ್ರೇಕ್ಷಕರು ಆ ತಂಡಕ್ಕೆ ಇರಲಿಲ್ಲ.

"ಉದ್ದನ್ನ ಹುಡುಗ್ಯಾರ್ನ ಬಾಜೂಕ ಕುಂದ್ರಿಸಿ ಈ ಮಿಡತಿಯಂಥಾವ್ನ ಆಡಸಾಕತ್ತಾರ. ಚೆಂಡು ಅವುಕಿಂತ ದೊಡ್ಡದ ಐತಿ!" ಎಂದು ಕಮಲವ್ವ ದಿನಾ ಬೈಯುತ್ತಿದ್ದಳು.

"ದೊಡ್ಡಾವು ಮುಂದಿನ ವರ್ಷ ಕಾಲೇಜಿಗೆ ಹೋಕ್ಕಾವ ಬೇ. ಆಮ್ಯಾಲ ಯಾರ ಆಡಾವ್ರು, ನೀ ಏನ?" ಎಂದು ನನ್ನ ನಾದಿನಿ ಶಾಂತಾ ಕೇಳುತ್ತಿದ್ದಳು.

"ಆಡ್ತೇನಿ ತಗೋ. ಕಚ್ಚಿ ಹಾಕ್ಕೊಂಡ ಇಳಿತೇನಿ."

ಗಂಡಸರ ಜಗಳ ವಾಟ್ಸಪ್ಪಿನಲ್ಲಿ. ಅದು ಔಷಧ ಹೊಡೆಯುವ ದಿನ, ಮಳೆ, ಮಾರುಕಟ್ಟೆ ತಿಳಿಸಲು ಮಾಡಿದ ಗುಂಪು. ಆದರೆ ಆ ವರ್ಷ ಅದರ ತುಂಬ ಕೋಚ್ ಬೇಕು, ಕೋಚ್ ಬೇಡ ಎಂಬುದೇ. ಯಜಮಾನರ ಬೆರಳು ಔಷಧ ಕಲಸಿ ಕಲಸಿ ಒರಟಾಗಿವೆ, ಫೋನು ಅವರ ಮಾತು ಕೇಳುವುದಿಲ್ಲ. ಮೊಮ್ಮಗಳು ಪಲ್ಲವಿ ನನಗೆ ಟೈಪ್ ಮಾಡಲು ಆಗಷ್ಟೇ ಕಲಿಸಿದ್ದಳು. ಅವರು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಮೊದಮೊದಲು ಅವರು ಹೇಳಿದ್ದಷ್ಟೇ. ಆಮೇಲೆ — ಈ ಮುದುಕಿಯ ಚಾಷ್ಟಿ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ — ಅವರು ಹೇಳದ್ದೂ. ಒಮ್ಮೆ "ಇವತ್ತ ಮೋಡ ಐತಿ, ಔಷಧ ಹೊಡಿಬ್ಯಾಡ್ರಿ" ಎಂದು ನನ್ನಷ್ಟಕ್ಕೇ ಬರೆದೆ. ಹತ್ತು ತೋಟದಲ್ಲಿ ಪಂಪು ನಿಂತವು. "ಅಣ್ಣಾರು ಹೇಳ್ಯಾರಂದ್ರ ಮುಗೀತು" ಎಂದು ಕೆಳಗೆ ಬಂತು — ಊರಿಗೆಲ್ಲ ಯಜಮಾನರು ಅಣ್ಣಾರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಐವತ್ತು ವರ್ಷ ಅದೇ ತೋಟದಲ್ಲಿ ದುಡಿದಿದ್ದೆ, ನನ್ನ ಮಾತಿಗೆ ಒಂದು ಪಂಪೂ ನಿಂತಿರಲಿಲ್ಲ.

ಅಕ್ಕೋರೇ, ನೀವು ಸಂಜೆ ಆಟ ಮುಗಿಸಿ ನಮ್ಮ ಮನೆಗೆ ಚಹಕ್ಕೆ ಬರುತ್ತಿದ್ದಿರಿ. ಒಂದು ದಿನ ನಾನೇ ಕೇಳಿದೆ, ಹುಡುಗಿಯರು ಯಾವಾಗ ಗೆಲ್ಲುತ್ತಾರೆ ಎಂದು. ನೀವು ಬಶಿಯಲ್ಲಿ ಚಹ ಆರಿಸುತ್ತ ಹೇಳಿದಿರಿ — "ಈ ವರ್ಷ ಸೋಲಾಕ ಆಡಸಾಕತ್ತೇನಿ ಅಂತ ತಿಳಕೋರಿ ಆಯಿ. ಸಣ್ಣಾವು ಸೋತು ಸೋತು ಗಟ್ಟಿ ಆಗಲಿ. ಮೂರನೇ ವರ್ಷ ಇವನ್ನ ಹಿಡಿಯಾವ್ರು ಚಿಕ್ಕೋಡಿ ತನಕ ಯಾರೂ ಇರಂಗಿಲ್ಲ."

ನನಗೆ ಆ ಮಾತು ಪೂರ್ತಿ ಅರ್ಥವಾಯಿತು. ಹೊಸದಾಗಿ ಹಚ್ಚಿದ ಬಳ್ಳಿಗೆ ಮೊದಲ ವರ್ಷ ಹೂಗೊಂಚಲು ಬಂದರೆ ನಾವು ಹೆಂಗಸರೇ ಸಾಲಿನುದ್ದ ಹೋಗಿ ಚಿವುಟಿ ಹಾಕುತ್ತೇವೆ. ಹಣ್ಣಿನ ಆಸೆಗೆ ಬಿಟ್ಟರೆ ಬೊಡ್ಡೆ ದಪ್ಪವಾಗುವುದಿಲ್ಲ, ಮುಂದೆ ಬಳ್ಳಿಯೇ ಇರುವುದಿಲ್ಲ. ಈ ಕೈಯಿಂದ ಎಷ್ಟು ಚಿವುಟಿದ್ದೇನೋ. ಊರಲ್ಲಿ ನಿಮ್ಮ ಲೆಕ್ಕ ಯಾರಿಗಾದರೂ ತಿಳಿದಿದ್ದರೆ ಅದು ನನಗೆ. ಅದಕ್ಕೇ ನನ್ನ ತಪ್ಪು ದೊಡ್ಡದು — ತಿಳಿಯದವರು ಮಾಡಿದ್ದಲ್ಲ.

ಪಲ್ಲವಿ ಉದ್ದನೆಯವರಲ್ಲಿ ಒಬ್ಬಳು. ಅಂಕಲಿಯವರ ಎದುರಿನ ಪಂದ್ಯಕ್ಕೆ ನಾನು ಬಸ್ಸು ಹತ್ತಿ ಹೋಗಿದ್ದೆ. ಅವಳು ಹೊಸ ಬೂಟು ಹಾಕಿಕೊಂಡು ಕೊನೆಯವರೆಗೂ ಬೆಂಚಿನ ಮೇಲೆ ಕೂತಳು. ಸಣ್ಣವರು ಸೋತು ಅಳುತ್ತ ಬಂದರು. ಹಿಂದೆ ಯಾರೋ "ಕುಂತಾಕಿ ಅಣ್ಣಾರ ಮೊಮ್ಮಗಳಲ್ಲೇನ? ಬರೇ ಬಾಟ್ಲಿ ಹಿಡಿಯಾಕ ಬಂದಾಳೇನ?" ಎಂದು ನಕ್ಕರು.

ಬರುವಾಗ ಬಸ್ಸಿನಲ್ಲೇ ಬರೆದೆ. ಯಜಮಾನರ ಫೋನು ನನ್ನ ಚೀಲದಲ್ಲೇ ಇತ್ತು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ — "ಈ ವರ್ಷ ಸೋಲಾಕ ಆಡಸಾಕತ್ತೇನಿ ಅಂತ ಅಕ್ಕೋರು ತಮ್ಮ ಬಾಯಿಲೆ ನಮ್ಮ ಮನ್ಯಾಗ ಹೇಳ್ಯಾರ." ಅಷ್ಟೇ. ಅಲ್ಲಿಗೆ ನಿಲ್ಲಿಸಿದೆ. ಕಳಿಸುವ ಮೊದಲು ಎರಡು ಸಲ ಓದಿದೆ. ಕೈತಪ್ಪಿ ಹೋದದ್ದಲ್ಲ.

ಮರುದಿನ ಶೆಡ್ಡಿನಲ್ಲಿ ಸಭೆ. ಗಂಡಸರು ಕುರ್ಚಿಯಲ್ಲಿ, ನೀವು ಎದುರಿಗೆ ನಿಂತಿದ್ದಿರಿ. ನಾವು ಹೆಂಗಸರು ಬಾಗಿಲಲ್ಲಿ ಕಡ್ಡಿ ಆರಿಸುತ್ತಿದ್ದೆವು.

"ಸೋಲಾಕ ಆಡಸ್ತೇನಿ ಅಂದದ್ದು ಖರೇನೋ ಸುಳ್ಳೋ, ಅಷ್ಟ ಹೇಳ್ರಿ," ಎಂದು ಕುರ್ಚಿಯಲ್ಲಿದ್ದ ಒಬ್ಬರು ಕೇಳಿದರು.

"ಅಂದೇನ್ರಿ. ಆದ್ರ ಅದರ ಮುಂದ—"

"ಮುಂದಿಂದ ಬ್ಯಾಡ. ಅಂದೀರಿಲ್ಲೋ? ಮುಗೀತು."

ಆಗ ನೀವು ನನ್ನ ಕಡೆ ತಿರುಗಿದಿರಿ. "ಆಯಿ, ನಿಮ್ಮ ಮುಂದ ಹೇಳೇನಲ್ರಿ. ನೀವರ ಹೇಳ್ರಿ."

ನಾನು ತಲೆ ಎತ್ತಲಿಲ್ಲ. "ನಮಗೇನ ತಿಳಿತೈತ್ರಿ ಆಟದಾಗಿಂದು," ಎಂದೆ.

ಮೆಸೇಜು ಸಿಟ್ಟಿನಲ್ಲಿ ಬರೆದದ್ದು. ಇದು ಸಿಟ್ಟಿನಲ್ಲಿ ಆಡಿದ್ದಲ್ಲ. ನನ್ನ ಕಳ್ಳತನ ಹೊರಬೀಳುತ್ತದೆಂದು ಆಡಿದ್ದು. ಯಾವುದು ಹೆಚ್ಚು ಕೆಟ್ಟದ್ದು — ಮೂರು ವರ್ಷ ತೂಗಿ ನೋಡಿದ್ದೇನೆ. ಎರಡನೆಯದೇ.

ಯಜಮಾನರಿಗೆ ಮೆಸೇಜಿನ ಸುದ್ದಿಯೇ ಇರಲಿಲ್ಲ. ಆ ಸಭೆಯಲ್ಲೇ ಯಾರೋ ಫೋನು ಅವರ ಮುಂದೆ ಹಿಡಿದು, "ಅಣ್ಣಾ, ನೀವ ಬರದದ್ದಲ್ರಿ ಇದು?" ಎಂದರು. ಅವರು ಓದಿದರು. ನನ್ನ ಕಡೆ ಒಮ್ಮೆ ನೋಡಿದರು. "ನನ್ನ ನಂಬರಿಂದ ಬಂದೈತಲಾ," ಎಂದು ಫೋನು ತಿರುಗಿ ಕೊಟ್ಟರು. ಆ ತಿಂಗಳಿಗೇ ನಿಮ್ಮನ್ನು ಬಿಡಿಸಿದರು. ಬೇಕೆಂದೇ ತಂಡ ಸೋಲಿಸಿದವರು ಎಂಬ ಮಾತು ನಿಮಗಿಂತ ಮೊದಲು ಅಥಣಿ ಮುಟ್ಟಿತು. ಅಲ್ಲಿಯ ಎರಡು ಶಾಲೆಯವರು ಕೆಲಸಕ್ಕೆ ಬರಬೇಡಿ ಎಂದರೆಂದು ಆಮೇಲೆ ಕೇಳಿದೆ.

ಮನೆಗೆ ಬಂದ ಮೇಲೆ ಯಜಮಾನರು ಕೈಕಾಲು ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತ ಒಂದೇ ಮಾತು ಆಡಿದರು. "ಟೈಪ್ ಮಾಡಾಕ ಚಲೋ ಕಲತಿ ಬಿಡು." ಅಷ್ಟೇ, ಮುಂದೆಂದೂ ಅದರ ಸುದ್ದಿ ತೆಗೆಯಲಿಲ್ಲ. ಮಿರಜಿನ ಬಸ್‌ಸ್ಟ್ಯಾಂಡಿನಲ್ಲಿ ನೀವು ಅವರನ್ನು ಕಂಡು ಮುಖ ತಿರುಗಿಸಿದಿರಂತೆ. ಅದನ್ನೂ ಬಂದು ಹೇಳಿ, ಊಟಕ್ಕೆ ಕೂತರು.

ಹೊಸ ಕೋಚ್ ಬಂದು ಉದ್ದನೆಯವರನ್ನು ಆಡಿಸಿದ. ಎರಡು ಪಂದ್ಯ ಗೆದ್ದೆವು. ಕಮಲವ್ವ ಪೇಢೆ ಹಂಚಿದಳು, ನಾನೂ ತಿಂದೆ. ಮುಂದಿನ ವರ್ಷ ದೊಡ್ಡವರು ಕಾಲೇಜಿಗೆ ಹೋದರು. ಸಣ್ಣವರಿಗೆ ಅವನು ಏನೂ ಕಲಿಸಿರಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು. ನೀವು ಹೇಳಿದ ಆ ಮೂರನೇ ವರ್ಷ ಹೀಗೇ ಬಂದು ಹೋಯಿತು. ಈಗ ಬಳೆಯ ಕೆಳಗೆ ಮಣೂಕದ ಖಾಲಿ ಕ್ರೇಟು ಒಟ್ಟಿದ್ದಾರೆ.

ಮೊಮ್ಮಗಳ ಸಲುವಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೋದ ವಾರ ಪಲ್ಲವಿ ಸಾಂಗಲಿಯಿಂದ ಬಂದಿದ್ದಳು, ಅಲ್ಲಿ ನರ್ಸಿಂಗ್ ಓದುತ್ತಾಳೆ. ಮಾತಿಗೆ ಮಾತು ಬಂದು, ನಿನ್ನನ್ನು ಬೆಂಚಿನ ಮೇಲೆ ಕೂರಿಸಿದ್ದರಲ್ಲ ಎಂದೆ. ಅವಳು ನಕ್ಕಳು. "ಕುಂದ್ರಿಸಿದ್ದಲ್ಲ ಆಯಿ. ಸಣ್ಣಾರ ಏನ ತಪ್ಪ ಮಾಡ್ತಾರ ನೋಡಿ ನನಗ ಹೇಳು, ನೀನ ಕಲಸಾಕಿ ಅಂತ ಅಕ್ಕೋರು ಅಂದಿದ್ರು. ನಾ ನೋಟಬುಕ್ಕಿನಾಗ ಬರಕೋತಿದ್ನಿ. ಆಟ ಅಂದ್ರ ನನಗ ಆಗ ಖರೆ ತಿಳೀತು." ಅವಳಿಗೆ ನೋವೇ ಆಗಿರಲಿಲ್ಲ. ನೋವು ನನ್ನ ದೌಲತ್ತಿಗೆ ಆಗಿತ್ತು — ಜನ ನಕ್ಕರಲ್ಲ ಎಂದು. ಅದರ ಜೊತೆಗೆ, ಬರೆದರೆ ಊರು ಕೇಳುತ್ತದೆ ಎಂಬ ರುಚಿ ಬೇರೆ ಹತ್ತಿತ್ತು.

ಅವಳಿಗೆ ಅಂದೇ ಎಲ್ಲ ಹೇಳಿದೆ. ಅವಳು ನಿಮ್ಮ ನಂಬರು ಹುಡುಕಿ ನನ್ನ ಫೋನಿಗೆ ಹಾಕಿಕೊಟ್ಟು, ನನ್ನ ಜೊತೆ ಊಟ ಮಾಡದೆ ಹೋದಳು. ಈಗ ನೀವು ರಾಯಬಾಗದ ಕಡೆ ಮಕ್ಕಳಿಗೆ ಮನೆಪಾಠ ಹೇಳುತ್ತೀರಂತೆ. ಚೆಂಡು ಹಿಡಿಯುವುದಿಲ್ಲವಂತೆ.

ಇದನ್ನು ಬರೆಯಲು ಕೂತಾಗ ಯಜಮಾನರಿಗೆ ಹೇಳಿದೆ, ಅವರ ಮೇಲೆ ಬಂದ ಅಪವಾದ ತೆಗೆಯುತ್ತೇನೆ ಎಂದು. "ನನ್ನ ಸಲುವಾಗಿ ಬರಿಬ್ಯಾಡ. ನಾನೂ ಅವತ್ತ ಬಾಯಿ ತೆಗಿಲಿಲ್ಲ," ಎಂದರು.

ನಾಳೆ ಶೆಡ್ಡಿನಲ್ಲಿ ಬೆಳೆಗಾರರ ಸಭೆ ಇದೆ. ನಿಮ್ಮನ್ನು ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಗಂಡಸರ ಎದುರಿಗೆ, ನೀವು ನಿಂತ ಜಾಗದಲ್ಲೇ ನಿಂತು, ನಿಮ್ಮ ಮಾತು ಪೂರ್ತಿ ಹೇಳುತ್ತೇನೆ. ಅಥಣಿಯ ಆ ಎರಡು ಶಾಲೆಗೂ ಹೋಗುತ್ತೇನೆ. ಅದರಿಂದ ನಿಮ್ಮ ಮೂರು ವರ್ಷ ತಿರುಗಿ ಬರುವುದಿಲ್ಲ, ಆ ಸಣ್ಣ ಹುಡುಗಿಯರಿಗೆ ಅವರ ತಂಡವೂ ಸಿಗುವುದಿಲ್ಲ. ನೀವು ಉತ್ತರ ಬರೆಯದಿದ್ದರೂ ಹೋಗುತ್ತೇನೆ.