ನಾನು ವಾದಿಸಿ ಗೆಲ್ಲಿಸಿದ ಡ್ರೈವರು

ಹೆದರಿಕೆ ನನಗೆ ಮೊದಲು ಬಂದದ್ದು ಬಲಗಾಲಿಗೆ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಡ್ರೈವರ ಎಡಪಕ್ಕದ ಸೀಟಿನಲ್ಲಿ ಕೂತು, ನನ್ನ ಕಡೆ ಇಲ್ಲದ ಬ್ರೇಕನ್ನು ಹಲಗೆ ಮುರಿಯುವ ಹಾಗೆ ತುಳಿಯುತ್ತಿದ್ದೆ. ಆ ಡ್ರೈವರು ಅವತ್ತು ಚಕ್ರ ಹಿಡಿದು ಕೂತಿದ್ದಕ್ಕೆ ಕಾರಣ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳ ಬೆನ್ನಿಗೆ ಇದ್ದಿಲು ಸುಡುವ ದೊಡ್ಡ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಎಂಜಿನ್ನು ಓಡಿಸುತ್ತಿದ್ದರು. ನಾನು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು, ಸೋಮವಾರ ಈ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ರೈಲು ಹತ್ತುವುದು. ಕಾಲೇಜಿನ ಚರ್ಚಾಕೂಟದಲ್ಲಿ ಚೀಟಿ ಎತ್ತಿಸುತ್ತಿದ್ದರು. ಚೀಟಿಯಲ್ಲಿ ಯಾವ ಪಕ್ಷ ಬಂತೋ ಆ ಪಕ್ಷ ಹಿಡಿದು ಮಾತಾಡಬೇಕು, ನಂಬಿಕೆ ಇರಲಿ ಬಿಡಲಿ. ನಾನು ಎರಡು ಪಕ್ಷದಲ್ಲೂ ಗೆದ್ದವನು. ದೇವರನ್ನೂ ನಂಬದ ನನಗೆ ನನ್ನ ನಾಲಿಗೆಯ ಮೇಲೆ ಮಾತ್ರ ಅಪಾರ ಭಕ್ತಿ.

ನಮ್ಮ ರಸ್ತೆಯಲ್ಲಿ ಇಬ್ಬರು ಧಣಿಗಳ ಬಸ್ಸುಗಳು ಐದೇ ನಿಮಿಷದ ಅಂತರದಲ್ಲಿ ಹೊರಡುತ್ತಿದ್ದವು. ನಡುವೆ ದೊಡ್ಡಿ ಎಂಬ ಊರಿಗೆ ಯಾವುದು ಮೊದಲು ಮುಟ್ಟುತ್ತದೋ ಅಲ್ಲಿನ ಜನವೆಲ್ಲ ಅದಕ್ಕೆ. ಹಾಗಾಗಿ ದಿನಾ ಓಟ. ಆ ಓಟಕ್ಕೆ ಹೆಸರಾದವರು ನಮ್ಮ ಬಸ್ಸಿನ ಡ್ರೈವರು, ಮದ್ದೂರಿನ ಸಾಹೇಬರು. ಅವರ ಮನೆಯವರೆಲ್ಲ ಮೆಕ್ಯಾನಿಕ್ಕುಗಳು. ಇವರು ಒಬ್ಬರೇ ಚಕ್ರ ಹಿಡಿದವರು. ಮುಂದಿನ ಬಸ್ಸು ದಾರಿ ಬಿಡದಿದ್ದರೆ, ಎಡಗಡೆಯ ಮಣ್ಣಿಗೆ ಎರಡು ಚಕ್ರ ಇಳಿಸಿ, ಗೇಣು ಜಾಗದಲ್ಲಿ ನುಗ್ಗಿ ಹಿಂದೆ ಹಾಕುತ್ತಿದ್ದರು. ಅದು ಅವರೊಬ್ಬರಿಗೇ ಬರುತ್ತಿದ್ದ ವಿದ್ಯೆ. ಎಂಜಿನ್ನು ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಚಾ ಕುಡಿಯುವಾಗಲೂ ಅದು ಕಾಲ ಬಳಿ ಇರಬೇಕು.

ಇದ್ದಿಲು ಬಂದ ಮೇಲೆ ಅವರು ಸೋಲತೊಡಗಿದರು. ಒಂದು ಭಾನುವಾರ ಬಸ್ಸು ನಿಲ್ಲುವ ಕಡೆಯ ಚಾ ಅಂಗಡಿಯಲ್ಲಿ ನನ್ನ ದೊಡ್ಡಪ್ಪ ತೀರ್ಪು ಕೊಟ್ಟರು.

“ಆ ಸಾಬ್ರ ಕಾಲ ಮುಗೀತು ಕಣ್ಲಾ. ಏರು ಹತ್ತಿದ್ದಾಯ್ತು, ಇನ್ನೇನಿದ್ರೂ ಇಳಿಯೋದೇಯ.”

ಬಸ್ಸಿನ ಧಣಿ ಅಲ್ಲೇ ಇದ್ದರು. ಸಾಹೇಬರನ್ನು ರಿಪೇರಿ ಶೆಡ್ಡಿನ ಕೆಲಸಕ್ಕೆ ಹಾಕುವುದೆಂದು ಆಗಲೇ ಅರ್ಧ ಮನಸ್ಸು ಮಾಡಿದ್ದರು. ಸಾಹೇಬರೂ ಬಸ್ಸಿಗೆ ಒರಗಿ ನಿಂತು ಕೇಳುತ್ತಿದ್ದರು. ದೊಡ್ಡಪ್ಪ ಒಂದು ಪಕ್ಷ ಹಿಡಿದಿದ್ದರಲ್ಲ, ನನಗೆ ಇನ್ನೊಂದು ಉಳಿಯಿತು. ಅಷ್ಟೇ ಕಾರಣ.

“ದೊಡ್ಡಪ್ಪಾ, ಇದ್ದಿಲು ಬರೋ ಮುಂಚೆ ಇವರು ಎಷ್ಟು ಸಲ ಸೋತಿದ್ರು?”

“ಒಂದ್ಸಲಾನೂ ಇಲ್ಲ ಕಣಪ್ಪ.”

“ಬಂದ ಮೇಲೆ?”

“ವಾರಕ್ಕೆ ನಾಕು ಸಲ.”

“ಹಾಗಾದ್ರೆ ಕೆಟ್ಟಿದ್ದು ಯಾವುದು? ಮನುಷ್ಯನೋ, ಒಲೇನೋ?”

ದೊಡ್ಡಪ್ಪ ಸುಲಭಕ್ಕೆ ಬಗ್ಗುವವರಲ್ಲ. “ಅದ್ಸರಿ, ಆ ಕಡೆ ಬಸ್ಸಿಗೂ ಅದೇ ಒಲೆ ಅಲ್ವೇನ್ಲಾ? ಅದ್ಯಾಕೆ ಓಡ್ತದೆ?”

ಉತ್ತರ ಇಲ್ಲದಾಗ ನಗಿಸಬೇಕು ಎಂಬುದು ಚರ್ಚಾಕೂಟದ ಗುಟ್ಟು. “ಆ ಧಣಿ ಒಲೆಗೆ ಇದ್ದಿಲು ಹಾಕ್ತಾರೆ. ನಮ್ಮ ಧಣಿ ಇದ್ದಿಲಿನ ಖಾಲಿ ಚೀಲ ಒದರ್ತಾರೆ!” ಅಂದೆ. ಅಂಗಡಿಯೇ ನಕ್ಕಿತು. ಧಣಿಯೂ ನಕ್ಕು, “ಹುಡ್ಗ ಹೇಳೋದ್ರಲ್ಲೂ ನ್ಯಾಯ ಅದೆ. ಸೆಡ್ಡಿನ ಮಾತು ಬುಡಿ, ಬೆಳಗಿನ ಗಾಡಿ ಅವರಿಗೇ ಇರ್ಲಿ” ಅಂದರು. ಸಾಹೇಬರು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು.

ಮಾರನೆಯ ಬೆಳಿಗ್ಗೆ ಮುಂದಿನ ಸೀಟು ಸಿಗಲಿಲ್ಲ. ಹದಿನೈದು ದಿನ ಕಳೆದು, ಮತ್ತೊಂದು ಸೋಮವಾರ, ಗೆದ್ದವನ ಗತ್ತಿನಲ್ಲಿ ಅವರ ಪಕ್ಕ ಕೂತೆ. ಊರು ದಾಟಿದ ಮೇಲೆ ಎಲೆ ಅಡಿಕೆ ಮಡಿಸಿ ಅವರತ್ತ ಚಾಚಿದೆ. ತೆಗೆದುಕೊಳ್ಳಲಿಲ್ಲ. ಏನೋ ಯೋಚನೆ ಅಂದುಕೊಂಡೆ. ಕೈ ಹಾಗೇ ಇತ್ತು, ಅವರ ಕೆನ್ನೆಯಿಂದ ಒಂದು ಮೊಳ ದೂರ. “ಸಾಹೇಬ್ರೇ” ಅಂದೆ. ಬೆಚ್ಚಿ, ಇಡೀ ಕತ್ತು ತಿರುಗಿಸಿ ನೋಡಿ, ನಕ್ಕು ತೆಗೆದುಕೊಂಡರು.

ಸ್ವಲ್ಪ ದೂರಕ್ಕೆ ಎಡಗಡೆ ಒಂದು ಕಬ್ಬಿನ ಗಾಡಿ. ಬಸ್ಸಿನ ಮೂಲೆ ಕಬ್ಬಿನ ತುದಿಗಳನ್ನು ಪಟಪಟ ಮುರಿದುಕೊಂಡೇ ಹೋಯಿತು. ಗಾಡಿಯವನು ಬೈದದ್ದು ಕೇಳಿಸಿತು. ಸಾಹೇಬರು, “ಏನದು ಸದ್ದು?” ಎಂದು ನನ್ನನ್ನು ಕೇಳಿದರು.

ಆಗಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿದದ್ದು.

ಆಮೇಲೆ ಕೆರೆ ಏರಿ ಬಂತು. ಮುಂದೆ ಆ ಇನ್ನೊಂದು ಬಸ್ಸು, ಹೊಗೆ ಕಾರುತ್ತ, ದಾರಿಯ ನಡುಮಧ್ಯೆ. ಹಿಂದಿನ ಸೀಟುಗಳಿಂದ ಜನ ಕೂಗಿದರು: “ನುಗ್ಸಿ ಸಾಬ್ರೇ! ಬುಡಬ್ಯಾಡಿ!” ಸಾಹೇಬರು ನೆಟ್ಟಗೆ ಕೂತರು. ಎಡಕ್ಕೆ ತಿರುಗಿಸಿದರು. ಚಕ್ರ ಮಣ್ಣಿಗೆ ಇಳಿಯಿತು. ನಾನು ಕೆಳಗೆ ನೋಡಿದೆ. ಮಣ್ಣು ಕಾಣಲಿಲ್ಲ. ಹುಲ್ಲೂ ಕಾಣಲಿಲ್ಲ. ನನ್ನ ಮೊಣಕೈ ಕೆಳಗೆ ನೇರವಾಗಿ ನೀರು. ನೀರಿನಲ್ಲಿ ಒಂದು ಎಮ್ಮೆ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಅದರ ಕಣ್ಣು ಇವತ್ತಿಗೂ ನೆನಪಿದೆ. “ಬಲಕ್ಕೆ! ಬಲಕ್ಕೆ!” ಎಂದು ಚೀರಿದೆ. ಅವರು ಸರಕ್ಕನೆ ತಿರುಗಿಸಿದರು. ಎರಡು ಬಸ್ಸುಗಳ ತಗಡು ಒಂದಕ್ಕೊಂದು ಉಜ್ಜಿ ಕಿರುಗುಟ್ಟಿತು. ನಾವು ಮುಂದೆ ಬಂದಿದ್ದೆವು.

“ಭಲೇ! ಸಾಬ್ರು ಸಾಬ್ರೇ ಕಣ್ಲಾ!” ಹಿಂದೆ ಚಪ್ಪಾಳೆ. ಆ ಬಸ್ಸಿನಲ್ಲಿದ್ದವರೆಲ್ಲ ಒಂದು ಗೆಲುವು ಕಂಡರು. ನೀರು ಕಂಡವನು ನಾನೊಬ್ಬ.

ಮದ್ದೂರಿನಲ್ಲಿ ಜನ ಇಳಿದ ಮೇಲೆ ಕೇಳಿದೆ. “ಸಾಹೇಬ್ರೇ, ಎಡಗಣ್ಣು?”

ಅವರು ಸುಳ್ಳು ಹೇಳಲಿಲ್ಲ. “ವರ್ಷ ಆಯ್ತು. ಮೊದಲು ಮಂಜು ಇತ್ತು, ಈಗ ಅದೂ ಇಲ್ಲ. ಯಾರಿಗೂ ಹೇಳಿಲ್ಲ.”

“ಮತ್ತೆ ಯಾಕೆ ಓಡಿಸ್ತೀರಿ?”

“ಓಡ್ಸೋದು ಬೇಡ ಅಂತಾನೇ ಇದ್ದೆ ಸ್ವಾಮಿ. ನನ್ನ ಸೆಡ್ಡಿಗೆ ಹಾಕಿ ಅಂತ ನಾನೇ ಧಣೇರನ್ನ ಕೇಳೋನಿದ್ದೆ, ಅವತ್ತೇ. ನೀವು ಅಷ್ಟು ಜನದ ಮುಂದೆ ಹೇಳಿದ್ರಿ, ಕೆಟ್ಟಿರೋದು ಒಲೆ, ಮನುಷ್ಯ ಅಲ್ಲ ಅಂತ. ಓದಿದೋರು. ನಾನೂ ನಂಬ್ಬುಟ್ಟೆ. ಮನೇಲಿ ಹೆಂಡ್ತಿಗೆ ಹೇಳ್ದೆ, ಅವಳೂ ನಂಬಿದ್ಲು.”

ನಾನು ಗೆಲ್ಲಬೇಕೆಂದಿದ್ದು ದೊಡ್ಡಪ್ಪನ ಮೇಲೆ. ಮಾತು ನಾಟಿದ್ದು ಈ ಮನುಷ್ಯನಿಗೆ. ಓಡಿಸಬೇಡಿ ಎಂದು ಬೇಡಿಕೊಂಡೆ. ಅವರು ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು, “ಇವತ್ತೂ ಗೆದ್ದೆನಲ್ಲಾ” ಅಂದರು.

ಬೆಂಗಳೂರಿನ ಆ ಹದಿನೈದು ದಿನ ನಾನು ಪತ್ರಿಕೆ ಬಿಡಿಸಲು ಹೆದರುತ್ತಿದ್ದೆ. ಬಸ್ಸು, ಕೆರೆ ಎಂಬ ಎರಡು ಪದಗಳನ್ನು ಹುಡುಕಿ, ಇಲ್ಲವೆಂದು ಖಾತ್ರಿಯಾದ ಮೇಲೆ ಯುದ್ಧದ ಸುದ್ದಿ.

ಊರಿಗೆ ಬಂದ ಭಾನುವಾರ ಚಾ ಅಂಗಡಿಗೆ ಹೋದೆ. ಅದೇ ದೊಡ್ಡಪ್ಪ, ಅದೇ ಧಣಿ, ಬೆಂಚಿನ ನಡುವೆ ಸಾಹೇಬರು. ಅವರ ಎಡಗಡೆ ಕೂತು ಶುರುಮಾಡಿದೆ. ಎಲ್ಲರಿಗೂ ಕಾಲ ಅನ್ನೋದಿದೆ, ಸಾಹೇಬರ ಒಳ್ಳೆಯ ಕಾಲ ಆಗಿಹೋಯಿತು, ದೊಡ್ಡಪ್ಪ ಹೇಳಿದ್ದೇ ಸರಿ, ಎರಡು ಬಸ್ಸಿಗೂ ಅದೇ ಒಲೆ. ಕಣ್ಣಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಅಂಗಡಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. “ಓದ್ಸಲ ಆ ಕಡೆ, ಈಸಲ ಈ ಕಡೆ!” ಎಂದರು ದೊಡ್ಡಪ್ಪ. “ನನ್ ಬಾಯಿ ಮುಚ್ಸಿದೋನು ನೀನೇ ಅಲ್ವೇನ್ಲಾ? ನಾನು ಒಪ್ಕಂಡಾಯ್ತು. ಏರಿ ಮ್ಯಾಲೆ ನುಗ್ಸಿದ್ರಂತೆ, ಊರೆಲ್ಲಾ ಅದೇ ಮಾತು. ಹೇಳಿ ಸಾಬ್ರೇ, ಎಂಗೆ ನುಗ್ಸಿದ್ರಿ?”

ಸಾಹೇಬರು ದೊಡ್ಡಪ್ಪನ ಕಡೆ, ಬಲಕ್ಕೆ ಮುಖ ಮಾಡಿ ಹೇಳತೊಡಗಿದರು. ಕೈಯಲ್ಲೇ ಚಕ್ರ ತಿರುಗಿಸುತ್ತಿದ್ದರು. ಅಂಗಡಿಯವನು ಅವರ ಚಾ ತಂದ. ಲೋಟವನ್ನು ನಾನು ಇಸಕೊಂಡೆ. ಇಸಕೊಂಡವನು ಅವರ ಎಡಗೆನ್ನೆಯ ಪಕ್ಕಕ್ಕೆ ಹಿಡಿದೆ. ಚಾ ತುಳುಕಿತು. ಬೆರಳು ಸುಟ್ಟಿತು. ಅವರು ಹೇಳುತ್ತಲೇ ಇದ್ದರು. “ಆಮೇಲೆ ಎಡಕ್ಕೆ ಎಳ್ದೆ ನೋಡಿ…”

ಮೊದಲು ನೋಡಿದ್ದು ಧಣಿ. ಅವರ ನಗು ನಿಂತಿತು. ಆಮೇಲೆ ದೊಡ್ಡಪ್ಪ. ಲೋಟದ ಹಬೆ ಸಾಹೇಬರ ಕಿವಿಗೆ ತಾಗುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ತಿರುಗಿದರು.

“ಯಾಕ್ರಪ್ಪಾ, ಎಲ್ಲಾ ಸುಮ್ಕಾಗ್ಬುಟ್ರಿ?” ಎಂದರು ಸಾಹೇಬರು.

ಅವರು ನಿಧಾನವಾಗಿ, ಇಡೀ ಕತ್ತು ತಿರುಗಿಸಿ, ಲೋಟ ನೋಡಿದರು. ಆಮೇಲೆ ನನ್ನನ್ನು. ಅಷ್ಟು ಹೆದರಿಕೆ ನನಗೆ ಏರಿಯ ಮೇಲೂ ಆಗಿರಲಿಲ್ಲ.

ಚಾ ತೆಗೆದುಕೊಂಡರು. ಪೂರಾ ಕುಡಿದರು. ಕಾಲ ಬಳಿಯ ಹ್ಯಾಂಡಲು ಎತ್ತಿ ಧಣಿಯ ಮಡಿಲಿಗೆ ಇಟ್ಟು, “ಸೆಡ್ಡಿನಲ್ಲಿ ಜಾಗ ಅದೆಯಾ ಧಣೇರೇ?” ಎಂದು ಕೇಳಿದರು.

ಮಾರನೆಯ ಬೆಳಿಗ್ಗೆ ಹೊಸ ಡ್ರೈವರು. ಏರಿಯ ಮೇಲೆ ಆ ಇನ್ನೊಂದು ಬಸ್ಸು ಹಾರನ್ನು ಒತ್ತುತ್ತ ನಮ್ಮನ್ನು ದಾಟಿಹೋಯಿತು. “ಯಾವನ್ಲಾ ಸಾಬ್ರನ್ನ ತೆಗ್ಸಿದ್ದು?” ಎಂದು ಹಿಂದಿನಿಂದ ಒಬ್ಬ ಕೂಗಿದ. ನಾನು ತಿರುಗಲಿಲ್ಲ. ಕೆಳಗೆ ಹುಲ್ಲು ಕಾಣುತ್ತಿದೆಯೇ ಎಂದು ನೋಡುತ್ತ ಕೂತಿದ್ದೆ.